ಒಗೆಯದ ಸಾರುಂಗ್

ಏಳು ದಿನ ಮನೆ ತುಂಬ ಜನರಿದ್ದರು. ಎಂಟನೆಯ ದಿನ ಬೆಳಿಗ್ಗೆ ವಿನಾರ್ಸಿ ಎದ್ದಾಗ ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ. ಊರವರ ಹಂಡೆ, ಚಾಪೆಗಳು ಅವರವರ ಮನೆ ಸೇರಿದ್ದವು. ಒಲೆಯಲ್ಲಿ ಬೂದಿ ಮಾತ್ರ ಇತ್ತು. ಹೊರಗೆ ಎಲೆಕೋಸಿನ ಮೇಲೆ ಹಿಮ ಉಪ್ಪು ಎರಚಿದಂತೆ ಕೂತಿತ್ತು.

ಸರ್ವೆ ಕಟ್ಟಿಗೆ ಹೊತ್ತಿಸಿ, ನೀರಿಟ್ಟು, ಒಲೆಯ ಮುಂದಿನ ಮಣೆಯ ಮೇಲೆ ಕೂತಳು. ಅಳು ಬರುತ್ತದೇನೋ ಎಂದು ಕಾದಳು. ಬರಲಿಲ್ಲ. ನೀರು ಕಾಯಿತು.

ಕಿಟಕಿಯಾಚೆ ಬೇಲಿಯ ಹತ್ತಿರ ಯಾರೋ ನಿಂತಿದ್ದರು. ಮಂಜು ದಟ್ಟವಾಗಿತ್ತು. ವತುಲುಂಪಾಂಗ್ ಊರಿನಲ್ಲಿ ಮಂಜಿನ ಹೊತ್ತು ಯಾರೂ ಮುಖ ಹುಡುಕುವುದಿಲ್ಲ, ಚಳಿಗೆ ಹೆಗಲ ಮೇಲೆ ಹೊದ್ದ ಸಾರುಂಗ್ ನೋಡುತ್ತಾರೆ. ಹಸಿರು ಚೌಕುಳಿಯೆಂದರೆ ಅವಳ ಗಂಡ ಮುಲ್ಯಾದಿ, ಬೂದು ಬಣ್ಣದ್ದು ಊರಿನ ಮುಖಂಡ ಪೆತಿಂಗಿ, ನೇರಳೆ ಗೀಟಿನದು ಕೆಳಕೇರಿಯ ಮರ್ಸಿನಿ. ಒಬ್ಬರ ಬಣ್ಣವನ್ನು ಇನ್ನೊಬ್ಬರು ಕೊಳ್ಳುವುದಿಲ್ಲ. ತಿಳಿಯದೆ ಕೊಂಡು ತಂದವರನ್ನು ಊರು ವರ್ಷಗಟ್ಟಲೆ ಗೇಲಿ ಮಾಡುತ್ತದೆ.

ಬೇಲಿಯ ಹತ್ತಿರ ನಿಂತವನ ಹೆಗಲ ಮೇಲೆ ಸಾರುಂಗೇ ಇರಲಿಲ್ಲ. ಗೊಬ್ಬರದ ಖಾಲಿ ಚೀಲ ಹೊದ್ದಿದ್ದ. ಹಾಗಾಗಿಯೇ ಅದು ತಾಸ್ರಿಪ್ ಮುದುಕನೆಂದು ಅವಳಿಗೆ ಗೊತ್ತಾಯಿತು.

ಈ ವಾರದಲ್ಲಿ ಅವನು ಹೀಗೆ ಬಂದದ್ದು ಮೂರನೆಯ ಸಲ. ಶವ ಸ್ನಾನದ ದಿನ ಬಂದವನು ಒಳಗೆ ಬರದೆ ಬಟ್ಟೆ ಒಣಹಾಕುವ ಹಗ್ಗವನ್ನೇ ನೋಡುತ್ತ ನಿಂತಿದ್ದ. ಆಮೇಲೊಮ್ಮೆ ಅವಳು ಒಬ್ಬಳೇ ಸಿಕ್ಕಾಗ ಮೆಲ್ಲಗೆ ಕೇಳಿದ್ದ:

"ಮಗಳೇ, ಮುಲ್ಯಾದಿ ಏನಾದ್ರೂ ಬಿಟ್ಟು ಹೋಗಿದ್ದಾನಾ?"

ಗಂಡನ ಮೈ ಇನ್ನೂ ಮಣ್ಣಿನಲ್ಲಿ ಆರಿಲ್ಲ, ಇವನು ಏನು ಬಾಚಲು ಬಂದಿದ್ದಾನೆ ಎಂದು ಅವಳಿಗನ್ನಿಸಿತ್ತು. "ನನ್ನನ್ನ ಬಿಟ್ಟು ಹೋಗಿದ್ದಾರೆ" ಎಂದು ಹೇಳಿ ಬೆನ್ನು ತಿರುಗಿಸಿದ್ದಳು. ಒಲೆಯ ಹತ್ತಿರ ಬಾ ಎಂದು ಕರೆದಿರಲಿಲ್ಲ. ಮನೆಗೆ ಬಂದವರನ್ನು ಒಲೆಗೆ ಕರೆಯದಿರುವುದು ಈ ಬೆಟ್ಟದಲ್ಲಿ ನಾಯಿ ಛೂ ಬಿಟ್ಟಂತೆಯೇ. ಕರೆಯಲು ಅವಳಿಗೆ ಮನಸ್ಸಾಗಿರಲಿಲ್ಲ. ಊರಿನಲ್ಲಿ ಬೇರೆ ಯಾರೂ ಈಗ ಅವನನ್ನು ಕರೆಯುತ್ತಿರಲಿಲ್ಲ. ಅವನ ಒಲೆಗೂ ಯಾರೂ ಹೋಗುತ್ತಿರಲಿಲ್ಲ.

ಹಿತ್ತಿಲ ಬಾಗಿಲು ಕಿರ್ ಎಂದಿತು. ಮರ್ಸಿನಿ ಬಗ್ಗಿ ಒಳಬಂದಳು. ಕಂಕುಳಲ್ಲಿ ಒಂದು ಕಟ್ಟು ಈರುಳ್ಳಿ ಸೊಪ್ಪು.

"ಒಲೆ ಹಚ್ಚಿದೀಯಾ ಬೂ ಗುರು? ಸದ್ಯ. ಅತ್ತೆ ಎಲ್ಲಿ?"

"ಮಲಗಿದ್ದಾರೆ."

ವಿನಾರ್ಸಿ ಊರಿನ ಶಾಲೆಯಲ್ಲಿ ಪಾಠ ಮಾಡುತ್ತಿದ್ದಳು. ಮಲಾಂಗ್ ನಗರದ ವಿಶ್ವವಿದ್ಯಾಲಯದಲ್ಲಿ ಓದಿ ಬಂದ ಸೊಸೆ ಈ ಊರಿಗೆ ಅವಳೊಬ್ಬಳೇ. ಅದಕ್ಕೇ ಅಜ್ಜಿಯರೂ ಅವಳನ್ನು 'ಬೂ ಗುರು', ಅಂದರೆ ಟೀಚರಮ್ಮ, ಅನ್ನುತ್ತಿದ್ದರು. ಅರ್ಧ ಗೌರವ, ಅರ್ಧ ತಮಾಷೆ.

ಮರ್ಸಿನಿ ಬೆಂಕಿಗೆ ಅಂಗೈ ಒಡ್ಡಿದಳು. "ಇಗೋ, ಉಳಿದಿದ್ದ ಸೊಪ್ಪು. ಮಿಕ್ಕಿದ್ದೆಲ್ಲ ಒಣಗಿ ಹುಲ್ಲಾಯ್ತು. ಹೊರಗೆ ನಿಂತಿದ್ದಾನಲ್ಲ, ಗೊಬ್ಬರದ ಚೀಲ, ಅವನ ಪುಣ್ಯ!"

"ಅವರೇ ಮಾಡಿದ್ದು ಅಂತ ಖಂಡಿತ ಗೊತ್ತಾ?"

"ನನ್ನ ಕಣ್ಣೇನು ಆಲೂಗಡ್ಡೇನಾ? ಮುಲ್ಯಾದಿ ತೀರಿಕೊಂಡ ದಿನ ಬೆಳಕು ಹರಿಯೋ ಹೊತ್ತು, ಕಟ್ಟಿಗೆಗೆ ಹೋಗ್ತಿದ್ದೆ. ಊಟೆ ಹತ್ರ, ಎರಡು ಕೇರಿಗೂ ನೀರು ಹಂಚೋ ಪಾಲುತೊಟ್ಟಿ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ಇಟ್ಟಿಗೆ ಕೆಂಪು, ಅಂಚಿಗೆ ಹಳದಿ ಪಟ್ಟೆ. ಆ ಸಾರುಂಗ್ ಊರಲ್ಲಿ ಇನ್ಯಾರ ಹತ್ರ ಇದೆ ಹೇಳು?"

ಯಾರ ಹತ್ತಿರವೂ ಇರಲಿಲ್ಲ. ಸತ್ತುಹೋದ ಹೆಂಡತಿ ತಂದುಕೊಟ್ಟದ್ದು ಅದು. ಮುದುಕ ಅದನ್ನು ಬಿಟ್ಟು ಬೀದಿಗಿಳಿದದ್ದೇ ಇಲ್ಲ.

"ಮಾತಾಡಿಸಬೇಕಿತ್ತು ನೀವು."

"ಯಾಕೆ ಮಾತಾಡಿಸ್ಲಿ? ಪೈಪು ಸರಿ ಮಾಡ್ತಿದ್ದಾನೆ ಅಂದ್ಕೊಂಡೆ. ಮಾರನೇ ದಿನ ನೋಡಿದ್ರೆ ನಮ್ಮ ಕೆಳಕೇರಿ ಪೈಪು ಕಿತ್ತು ಬಿದ್ದಿದೆ, ತೂತಿಗೆ ಪಾಚಿ ತುರುಕಿದೆ, ಪೈಪು ಬಿಗಿಯೋ ಪಟ್ಟಿ ನಾಪತ್ತೆ. ನೀರೆಲ್ಲ ನಿಮ್ಮ ಮೇಲ್ಕೇರಿಗೆ!" ಮರ್ಸಿನಿ ದನಿ ತಗ್ಗಿಸಿದಳು. "ಪೆತಿಂಗಿ ಹೋಗಿ, ಎಲ್ಲಿ ನಿನ್ನ ಸಾರುಂಗ್ ತೋರಿಸು ಅಂದ್ರೆ, ಮನೇಲಿಲ್ಲ ಅಂದನಂತೆ. ಎಲ್ಲಿದೆ ಅಂದ್ರೆ ಬಾಯಿಗೆ ಬೀಗ. ಅಷ್ಟು ಎದ್ದು ಕಾಣೋ ಬಣ್ಣ ಹೊದ್ಕೊಂಡು ಕದಿಯೋಕೆ ಹೋಗಿದ್ದಾನಲ್ಲ, ಅವನಂಥ ದಡ್ಡ ಕಳ್ಳ ಈ ಬೆಟ್ಟದಲ್ಲಿ ಹುಟ್ಟಿಲ್ಲ."

ತನ್ನ ಮಾತಿಗೆ ಮರ್ಸಿನಿಗೇ ನಗು ಬಂದಿತ್ತು. ಸಾವಿನ ಮನೆಯೆಂದು ನೆನಪಾಗಿ ನುಂಗಿಕೊಂಡಳು.

"ಇವತ್ತು ಮಂಜು ಎದ್ದ ಮೇಲೆ ಪೆತಿಂಗಿ ಜಗಲಿ ಮೇಲೆ ಸೇರ್ತಿದ್ದೀವಿ. ಅವನ ಪೈಪು ತೊಟ್ಟಿಯಿಂದ ಕಿತ್ತು ಹಾಕೋದು. ಮಳೆ ಬರೋವರೆಗೂ ಊಟೆಯಿಂದ ಹೊತ್ಕೊಂಡು ಬರಲಿ, ಸೊಂಟ ಮುರೀಲಿ. ನೀನು ಬರಬೇಕಿಲ್ಲಮ್ಮ. ನಿನಗೆ ನಿನ್ನದೇ ಸಾಕು."

ಅವಳು ಹೋದಮೇಲೆ ಕಿಟಕಿಯಲ್ಲಿ ಮತ್ತೆ ನೋಡಿದರೆ ಬೇಲಿಯ ಹತ್ತಿರ ಯಾರೂ ಇರಲಿಲ್ಲ.

ಮಾಡಲು ಕೆಲಸ ಬೇಕಿತ್ತು. ವಿನಾರ್ಸಿ ಬಿತ್ತನೆ ಆಲೂಗಡ್ಡೆ ಇಟ್ಟಿದ್ದ ಕತ್ತಲೆ ಕೋಣೆಗೆ ಹೋದಳು. ವಾರಕ್ಕೊಮ್ಮೆ ಗಡ್ಡೆಗಳನ್ನು ಹೊರಳಿಸಬೇಕು, ಕೊಳೆತದ್ದನ್ನು ತೆಗೆಯಬೇಕು. ಇಲ್ಲದಿದ್ದರೆ ಒಂದು ಕೊಳೆತರೆ ಪೆಟ್ಟಿಗೆಯೇ ಹೋಗುತ್ತದೆ. ಅದು ಮುಲ್ಯಾದಿ ಮಾಡುತ್ತಿದ್ದ ಕೆಲಸ. ಒಂದು ಪೆಟ್ಟಿಗೆ ನೋಡಿದಳು, ಎರಡು ನೋಡಿದಳು. ಮೂರನೆಯದನ್ನು ಎತ್ತಿದಾಗ ಅದರ ಕೆಳಗೆ ಮಡಿಚಿಟ್ಟ ಬಟ್ಟೆ ಕಂಡಿತು.

ಬಾಗಿಲ ಬೆಳಕಿಗೆ ತಂದಳು. ಇಟ್ಟಿಗೆ ಕೆಂಪು. ಅಂಚಿಗೆ ಹಳದಿ ಪಟ್ಟೆ.

ಮಂಡಿಯ ಎತ್ತರಕ್ಕೆ ಬಿಳಿ ಜೇಡಿ ಒಣಗಿ ಹೆಪ್ಪುಗಟ್ಟಿತ್ತು. ಆ ಜೇಡಿ ಊಟೆಯ ಬಾಯಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ಊರಿನ ಮಣ್ಣೆಲ್ಲ ಅಗ್ನಿಪರ್ವತದ ಕಪ್ಪು ಬೂದಿ. ಬಟ್ಟೆ ಬಿಡಿಸಿದಾಗ ಒಳಗಿಂದ ಏನೋ ಠಣ್ ಎಂದು ಬಿತ್ತು. ಪೈಪು ಬಿಗಿಯುವ ತಗಡಿನ ಪಟ್ಟಿ. ಅದಕ್ಕೆ ನೀಲಿ ಬಣ್ಣ ಬಳಿದಿತ್ತು. ಕೆಳಕೇರಿಯವರು ತಮ್ಮದೆಂದು ಗುರುತಿಗೆ ಬಳಿಯುವ ನೀಲಿ.

ಅವಳು ಅಲ್ಲೇ ಕೂತಳು.

ಆವತ್ತಿನ ಬೆಳಿಗ್ಗೆಯನ್ನು ಪಾಠ ಒಪ್ಪಿಸುವವಳಂತೆ ಒಂದೊಂದಾಗಿ ನೆನೆದಳು. ನಾನು ಒಲೆ ಊದುತ್ತಿದ್ದೆ. ಮುಂಬಾಗಿಲು ತೆಗೆದ ಸದ್ದಾಯಿತು. ಆ ಬಾಗಿಲಿನಿಂದ ಯಾರೂ ಬರುವುದಿಲ್ಲ, ಮನೆಯವರಂತೂ ಬರುವುದೇ ಇಲ್ಲ. "ಯಾರು?" ಅಂದೆ. "ನಾನೇ" ಅಂದರು. ಸ್ವಲ್ಪ ಹೊತ್ತಿನ ಮೇಲೆ ಜಾಕೀಟು ಹಾಕಿಕೊಂಡು ಒಲೆಗೆ ಬಂದು ಕಾಫಿ ಕುಡಿದರು. ಎಲೆಕೋಸಿನ ಮೂಟೆಗಳನ್ನು ಬೈಕಿಗೆ ಬಿಗಿದು ಕೆಳಗಿನ ಸಂತೆಗೆ ಹೊರಟರು. ಮೂರನೇ ತಿರುವಿನ ಬೂದಿಯಲ್ಲಿ ಚಕ್ರ ಜಾರಿತು. ಮಧ್ಯಾಹ್ನದ ಹೊತ್ತಿಗೆ ಮಲಗಿಸಿಕೊಂಡು ತಂದರು.

ಹಿಂದಿನ ಸಂಜೆ ಅವಳೇ ಅಂದಿದ್ದಳು: "ನೀರಿಲ್ಲದೆ ಇಳಿಜಾರಿನ ಸಸಿ ಇನ್ನು ಎರಡು ದಿನ ತಡೆಯಲ್ಲ." ಅವನು ಎದ್ದು ತಾಸ್ರಿಪ್ಪನ ಒಲೆಗೆ ಹೊರಟುಹೋಗಿದ್ದ.

ಅವನ ಮೈ ತೊಳೆಯುವಾಗ ಹಿತ್ತಿಲ ನಲ್ಲಿಯಲ್ಲಿ ನೀರು ಭರ್ರೆಂದು ಬಂದಿತ್ತು. ಮಳೆಯಿಲ್ಲದ ಕಾಲದಲ್ಲಿ ಇಷ್ಟು ನೀರು ಬಂತಲ್ಲ, ಪುಣ್ಯವಂತ ಎಂದು ಹೆಂಗಸರು ಕಣ್ಣೊರೆಸಿಕೊಂಡಿದ್ದರು.

ಅಷ್ಟೂ ಒಂದು ಕಡೆಯಾದರೆ, ಈಗ ತಲೆಯೆತ್ತಿದ ಪ್ರಶ್ನೆ ಒಂದು ಕಡೆ. ಈ ಸಾರುಂಗ್ ಅವರ ಹೆಗಲಿಗೆ ಯಾಕೆ ಬಂತು? ಹಸಿರು ಸಾರುಂಗನ್ನು ತಾನು ಒಗೆದುಹಾಕಿದ್ದು ನಿಜ. ಹಿಮಕ್ಕೆ ಸೆಟೆದು ಒಣಮೀನಿನಂತೆ ಆಗಿದ್ದೂ ನಿಜ. ಆದರೆ ಅದು ಆವತ್ತೋ, ಅದರ ಹಿಂದಿನ ದಿನವೋ? ಆವತ್ತಾದರೆ ಅವನು ಚಳಿಗೆ ಹೊದ್ದಿದ್ದ. ಹಿಂದಿನ ದಿನವಾದರೆ ಅದು ಸಂಜೆಗೆ ಒಣಗಿತ್ತು; ಮಂಜಿನಲ್ಲಿ ನೋಡಿದವರು ಯಾರನ್ನು ನೋಡಬೇಕೆಂದು ಅವನು ಮೊದಲೇ ಗೊತ್ತು ಮಾಡಿಕೊಂಡಿದ್ದ. ಎಷ್ಟು ಯೋಚಿಸಿದರೂ ದಿನ ನೆನಪಾಗಲಿಲ್ಲ. ಮೂರು ವರ್ಷ ಒಂದೇ ಚಾಪೆಯಲ್ಲಿ ಮಲಗಿದ ಮನುಷ್ಯನ ಬಗ್ಗೆ ಅವಳು ಹೀಗೆ ಲೆಕ್ಕ ಹಾಕುತ್ತಿದ್ದಳು.

"ಏನದು?"

ಬಾಗಿಲಲ್ಲಿ ಅತ್ತೆ ಪೈರಾ ನಿಂತಿದ್ದಳು. ಬಟ್ಟೆ ನೋಡಿದಳು, ಪಟ್ಟಿ ನೋಡಿದಳು. ಓದು ಬಾರದ ಹೆಂಗಸು, ಆದರೆ ಇದನ್ನು ಓದಲು ಅವಳಿಗೆ ಒಂದು ಉಸಿರಿನಷ್ಟು ಹೊತ್ತೂ ಹಿಡಿಯಲಿಲ್ಲ. ಒಳಗೆ ಬಂದು ಬಾಗಿಲು ಮುಂದೆ ಮಾಡಿದಳು.

"ಯಾರಾದ್ರೂ ನೋಡಿದ್ರಾ?"

"ಇಲ್ಲ."

"ಮರ್ಸಿನಿ?"

"ಇಲ್ಲ ಅಂದ್ನಲ್ಲ."

ಪೈರಾ ಸಾರುಂಗನ್ನು ಕಸಿದು ಎದೆಗೆ ಅವುಚಿಕೊಂಡಳು. "ಒಲೆಗೆ ಹಾಕೋದು ಬೇಡ, ವಾಸನೆ ಬರುತ್ತೆ. ಪೆತ್ರಾ ಕಟ್ತಾರಲ್ಲ..."

ಪೆತ್ರಾ ಎಂದರೆ ಸತ್ತವನ ಹೆಸರಿನಲ್ಲಿ ಎಲೆ ಹೂಗಳಿಂದ ಕಟ್ಟುವ ಗೊಂಬೆ. ಸತ್ತವನ ಬಟ್ಟೆ ತೊಡಿಸಿ, ಮಂತ್ರ ಹೇಳಿಸಿ, ಬೆಂಕಿಗೆ ಕೊಟ್ಟರೆ ಜೀವ ಮೇಲಕ್ಕೆ ಹೋಗುತ್ತದೆ.

"ಒಳಗೆ ಇದನ್ನ ಸುತ್ತಿ, ಮೇಲೆ ಅವನ ಹಸಿರು ಸಾರುಂಗ್ ಹೊದಿಸಿಬಿಡೋಣ. ಯಾರು ಬಿಚ್ಚಿ ನೋಡ್ತಾರೆ? ಎರಡೂ ಒಟ್ಟಿಗೆ ಬೂದಿ."

"ಅತ್ತೆ, ಇವತ್ತು ಆ ಮುದುಕನ ನೀರು ಕೀಳ್ತಾರೆ."

"ಮಳೆ ಬರೋವರೆಗೆ ತಾನೇ? ಆಮೇಲೆ ಜನ ಮರೀತಾರೆ. ಬದುಕಿರೋನು ನಾಳೆ ಬಾಯಿ ಬಿಟ್ಟು ಹೇಳ್ಕೋಬಹುದು. ನನ್ನ ಮಗ ಹೇಳ್ಕೊಳ್ತಾನಾ?"

"ಅವರೂ ಹೇಳ್ಕೊಳ್ತಿಲ್ಲವಲ್ಲ. ಯಾಕೆ ಅಂತ ಗೊತ್ತಾ ನಿಮಗೆ?"

ಗೊತ್ತಿತ್ತು. ಪೆತ್ರಾ ಸುಟ್ಟು ಜೀವ ಹೊಸ್ತಿಲು ದಾಟುವ ಮೊದಲು ಸತ್ತವನ ಮೇಲೆ ಮಾತು ಹೊರಿಸಿದರೆ ಅವನು ಹೊಸ್ತಿಲಲ್ಲೇ ಉಳಿಯುತ್ತಾನೆ. ಚಿಕ್ಕ ಮಕ್ಕಳಿಗೂ ಗೊತ್ತಿರುವ ಮಾತು. ಪೈರಾ ಮುಖವನ್ನು ಆ ಕೆಂಪು ಬಟ್ಟೆಯಲ್ಲಿ ಒತ್ತಿಕೊಂಡಳು.

"ಅವನ ವಾಸನೆ ಇದೆ ಕಣೇ," ಅಂದಳು. "ಲವಂಗದ ಸಿಗರೇಟು ಸೇದೋ ಆ ಮುದುಕಂದಲ್ಲ. ನನ್ನ ಮಗನದು. ನೋಡು."

ವಿನಾರ್ಸಿ ಮೂಸಲಿಲ್ಲ. ಮೂಸಿದರೆ ಕೊಡಲು ಆಗುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

"ಕೊಡಿ ಅತ್ತೆ."

"ನಿನ್ನ ಶಾಲೆ? ನಾಳೆ ಕೆಳಕೇರಿ ಮಕ್ಕಳು ನಿನ್ನ ಮುಂದೆ ಕೂತ್ಕೋತಾರಾ? ನಮ್ಮ ಪೈಪು ಕಿತ್ತರೆ?"

"ಹೊತ್ಕೊಂಡು ಬರೋಣ. ನನ್ನ ಸೊಂಟ ಗಟ್ಟಿ ಇದೆ."

ಪೈರಾ ತಲೆಯೆತ್ತಿ ಅವಳನ್ನು ನೋಡಿದಳು. "ನೀನು ಅಳಲೇ ಇಲ್ಲ," ಅಂದಳು. ಬೈಗುಳವೋ, ಸುಮ್ಮನೆ ಹೇಳಿದ್ದೋ ತಿಳಿಯುವಂತಿರಲಿಲ್ಲ. "ಏಳು ದಿನ ನೋಡಿದೆ. ನಿನಗೆ ಅವನ ಮೇಲೆ ಮೊದಲೇ ಅನುಮಾನ ಇತ್ತಾ?"

"ಇವತ್ತು ಬಂತು."

ಅತ್ತೆಯ ಕೈ ಸಡಿಲವಾಯಿತು. ಬಟ್ಟೆ ಕೊಟ್ಟ ಮೇಲೂ ಅಂಚನ್ನು ಸ್ವಲ್ಪ ಹೊತ್ತು ಹಿಡಿದೇ ಇದ್ದಳು. "ಒಗೆದಾದ್ರೂ ಕೊಡು. ಇಸಕೊಂಡ ಬಟ್ಟೆ ಕೊಳೆ ಸಮೇತ ಕೊಡೋದು ನಮ್ಮಲ್ಲಿಲ್ಲ. ಆ ಜೇಡಿ ಒಂದು ಹೋದ್ರೆ..."

ಹೌದು, ಜೇಡಿ ಹೋದರೆ ಅದು ಬರೀ ಒಂದು ಸಾರುಂಗ್. ಎಲ್ಲೋ ಸಿಕ್ಕಿತು, ಹಗ್ಗದಿಂದ ಹಾರಿ ಬಂದಿತ್ತು, ಏನು ಬೇಕಾದರೂ ಹೇಳಬಹುದು. ನಲ್ಲಿ ಹತ್ತು ಹೆಜ್ಜೆಯಲ್ಲಿತ್ತು. ವಿನಾರ್ಸಿ ಹಿತ್ತಿಲಿಗೆ ಬಂದು ನಲ್ಲಿಯ ಮುಂದೆ ನಿಂತಳು. ತಿರುಗಿಸಿದಳು. ಈಗ ನೀರು ಎರಡು ಕೇರಿಗೂ ಹಂಚಿಹೋಗಿ ದಾರದಷ್ಟು ಸಣ್ಣಗೆ ಬರುತ್ತಿತ್ತು. ಕೈಯೊಡ್ಡಿದಳು. ಬೆರಳು ಮರಗಟ್ಟಿತು.

ನಲ್ಲಿ ನಿಲ್ಲಿಸಿದಳು.

ಮಂಜು ಎದ್ದಿತ್ತು. ಬೀದಿಯುದ್ದಕ್ಕೂ ಆ ಕೆಂಪನ್ನು ಮಡಿಚದೆ, ಮುಚ್ಚದೆ, ಮುಂಗೈ ಮೇಲೆ ಇಳಿಬಿಟ್ಟುಕೊಂಡು ನಡೆದಳು. ಈರುಳ್ಳಿ ಸೊಪ್ಪು ಕಟ್ಟುತ್ತಿದ್ದ ಹೆಂಗಸರು ಕೈ ನಿಲ್ಲಿಸಿದರು. ಯಾರೋ ಹಿಂದಿನಿಂದ "ಸಿಕ್ಕಿತಲ್ಲಾ!" ಅಂದರು. ಇನ್ಯಾರೋ, "ಬೂ ಗುರು ಮನೆ ಹತ್ರ ಬಚ್ಚಿಟ್ಟಿದ್ದನೇನೋ, ಅದಕ್ಕೇ ಬೇಲಿ ಕಾಯ್ತಿದ್ದ" ಅಂದರು. ಅವಳು ತಿರುಗಲಿಲ್ಲ.

ಪೆತಿಂಗಿಯ ಜಗಲಿಯ ಮೇಲೆ ಮೂವತ್ತು ಜನರಿದ್ದರು. ತಾಸ್ರಿಪ್ ಕೆಳಗೆ, ಮೆಟ್ಟಿಲ ಹತ್ತಿರ ಗೊಬ್ಬರದ ಚೀಲ ಹೊದ್ದು ಕೂತಿದ್ದ. ಅವಳ ಕೈಯಲ್ಲಿದ್ದುದನ್ನು ನೋಡಿ ಎದ್ದ. ಬೇಡ ಎನ್ನುವಂತೆ ತಲೆ ಅಲ್ಲಾಡಿಸಿದ.

"ಪಾಕ್ ತಾಸ್ರಿಪ್," ಅಂದಳು ಅವಳು, ಹಿರಿಯರನ್ನು ಕರೆಯುವ ಮರ್ಯಾದೆಯಲ್ಲಿ. ತರಗತಿಯ ಕೊನೆಯ ಸಾಲಿಗೂ ಕೇಳುವ ದನಿ. "ನನ್ನ ಗಂಡ ಇದನ್ನ ನಿಮ್ಮ ಹತ್ರ ಇಸಕೊಂಡಿದ್ದರು. ಹಿಂದಕ್ಕೆ ತಂದಿದೀನಿ. ಇದು ಮರ್ಸಿನಿ ಕೇರಿಯವರದು."

ನೀಲಿ ಪಟ್ಟಿಯನ್ನು ಮೆಟ್ಟಿಲ ಮೇಲಿಟ್ಟಳು. ಮರ್ಸಿನಿ ಜಗಲಿಯ ತುದಿಗೆ ಬಂದು ಪಟ್ಟಿ ನೋಡಿದಳು, ಬಟ್ಟೆಯ ಮೇಲಿನ ಬಿಳಿ ಜೇಡಿ ನೋಡಿದಳು, ಆಮೇಲೆ ತನ್ನ ಕಾಲನ್ನೇ ನೋಡತೊಡಗಿದಳು.

ಮುದುಕ ಸಾರುಂಗ್ ತೆಗೆದುಕೊಂಡ. ಹೆಬ್ಬೆರಳಿನಿಂದ ಜೇಡಿಯನ್ನು ಮುಟ್ಟಿದ.

"ಒಗೆದಿಲ್ಲವಲ್ಲ ಮಗಳೇ," ಅಂದ, ಅವಳಿಗಷ್ಟೇ ಕೇಳುವಂತೆ. "ಒಗೆದು ತಂದಿದ್ರೆ ಆಗಿತ್ತು."

"ಒಗೆದಿದ್ರೆ ನಿಮ್ಮ ನೀರು ಹೋಗ್ತಿತ್ತು ಪಾಕ್."

ಅವನು ಚೀಲ ಕಳಚಿ ಸಾರುಂಗ್ ಹೊದ್ದುಕೊಂಡ. ಜೇಡಿಯ ಕಲೆ ಎಲ್ಲರ ಕಡೆ ತಿರುಗಿತ್ತು. ಅವನು ಅದನ್ನು ಒಳಗೆ ಮಡಿಚಲು ನೋಡಿದ, ಆಗಲಿಲ್ಲ.

ವಿನಾರ್ಸಿ ಹೊರಡಬೇಕಿತ್ತು. ಅಲ್ಲೇ ನಿಂತಳು.

"ಇಸಕೊಳ್ಳುವಾಗ ಏನಂದ್ರು?" ಅಂದಳು.

ಮುದುಕ ಅವಳ ಮುಖವನ್ನು ನೋಡಿದ. ಉತ್ತರ ಹುಡುಕಿಕೊಂಡನೋ, ಇದ್ದದ್ದನ್ನೇ ಹೇಳಿದನೋ, ಅವನ ಕಣ್ಣಿನಲ್ಲಿ ಏನೂ ಕಾಣಲಿಲ್ಲ.

"ಚಳಿ ಅಂದ," ಅಂದ.