ಪಟ್ಟಿ ಹಚ್ಚಿದ ಅರ್ಜಿ

ಬಾಗಿಲನ್ನು ಯಾರೋ ಮೂರು ಸಲ ಬಡಿದರು. ಊಟಕ್ಕೆ ಕುಳಿತಿದ್ದ ಅವಳು, ಗಂಡ, ಮಗಳು, ಅತ್ತೆ ನಾಲ್ವರೂ ತುತ್ತು ನಿಲ್ಲಿಸಿ ಮುಖ ಮುಖ ನೋಡಿಕೊಂಡರು. ರಾತ್ರಿ ಎಂಟೂವರೆಗೆ ಆ ಮನೆಯ ಬಾಗಿಲನ್ನು ಯಾರೂ ಬಡಿಯುವುದಿಲ್ಲ.

ಅವಳೇ ಎದ್ದು ಚಿಲಕ ತೆಗೆದಳು. ಕಂಕುಳಲ್ಲಿ ಕಡತ ಅವುಚಿಕೊಂಡು, ಮೂರು ಮಹಡಿ ಹತ್ತಿದ ಏದುಸಿರು ಬಿಡುತ್ತ ಪುರಸಭೆಯ ಗುಮಾಸ್ತ ನಿಂತಿದ್ದ.

"ಆಸ್ಪತ್ರೆ ಲಾಂಡ್ರಿಯಲ್ಲಿ ಕೆಲಸ ಮಾಡೋರು ನೀವೇನಾ ಅಮ್ಮಾ? ಬಸ್ಸಿನ ಸಲಹಾ ಸಮಿತಿಗೆ ನಿಮ್ಮ ಅರ್ಜಿ ಆಯ್ಕೆಯಾಗಿದೆ. ಇಲ್ಲೊಂದು ರುಜು ಹಾಕಿ."

"ನಾನು ಅರ್ಜಿನೇ ಹಾಕಿಲ್ವಲ್ಲ!"

ಗುಮಾಸ್ತ ಏದುಸಿರು ಬಿಡುವುದನ್ನೂ ಮರೆತ. ಗಂಡ ಕುರ್ಚಿ ಎಳೆದು ಕೊಟ್ಟ, ಮಗಳು ನೀರು ತಂದಳು. ಅತ್ತೆ ಮಾತ್ರ ತಟ್ಟೆಯಿಂದ ತಲೆ ಎತ್ತಲಿಲ್ಲ.

ನೀರು ಕುಡಿದು ಅವನು ವಿವರಿಸಿದ. ಸಮಿತಿಯಲ್ಲಿ ಏಳು ಸ್ಥಾನ. ಆರರಲ್ಲಿ ಕುಳಿತವರೆಲ್ಲ ನಿವೃತ್ತ ಗಂಡಸರು, ಅಕ್ಕಪಕ್ಕದ ಎರಡೇ ಬೀದಿಯವರು. ಬಸ್ಸಿನ ಬಗ್ಗೆ ಚರ್ಚಿಸಲು ಆರೂ ಜನ ಆರು ಕಾರುಗಳಲ್ಲಿ ಬರುತ್ತಾರೆ. ಜಾಗ ಖಾಲಿಯಾದಾಗಲೆಲ್ಲ ಪಕ್ಕದ ಮನೆಯವರನ್ನೇ ಕರೆತಂದು ಕೂರಿಸುತ್ತಿದ್ದರು. ಇದು ಸಾಕೆಂದು ಪುರಸಭೆ ಈ ಸಲ ಹೊಸ ನಿಯಮ ಮಾಡಿತ್ತು: ಅರ್ಜಿಗಳ ಮೇಲಿನ ಹೆಸರು, ವಿಳಾಸಗಳಿಗೆ ಕಾಗದದ ಪಟ್ಟಿ ಅಂಟಿಸಬೇಕು, ಬರೆದದ್ದನ್ನಷ್ಟೇ ಓದಿ ಆರಿಸಬೇಕು.

"ನಿಮ್ಮ ಅರ್ಜಿಗೆ ಆರೂ ಜನ ಕೈ ಎತ್ತಿದ್ರು. ಬಸ್ಸಿನ ವಿಷಯ ಇಷ್ಟು ತಿಳಿದಿರೋದು ಅರ್ಜಿ ಹಾಕಿದ್ದ ತಮ್ಮ ದೋಸ್ತ್ ಎಂಜಿನಿಯರಿಗೆ ಮಾತ್ರ ಅಂದ್ಕೊಂಡುಬಿಟ್ಟಿದ್ರು ಅಧ್ಯಕ್ಷರು. ಪಟ್ಟಿ ಕಿತ್ತಾಗ ಅವರ ಮುಖ ನೋಡಬೇಕಿತ್ತು!"

ಅವನು ಅರ್ಜಿ ಬಿಚ್ಚಿ ಓದಿದ: "ಬಸ್ಸಿನ ಮೆಟ್ಟಿಲು ನನ್ನ ಮೊಣಕಾಲಿನಷ್ಟು ಎತ್ತರ. ಹತ್ತುವಷ್ಟರಲ್ಲಿ ಅರ್ಧ ಆಯಸ್ಸು ಮುಗಿಯುತ್ತದೆ. ಆಸ್ಪತ್ರೆ ನಿಲ್ದಾಣದ ಬೆಂಚಿಗೆ ಬಿಸಿಲು, ಪಕ್ಕದ ಚರಂಡಿಗೆ ನೆರಳು. ಇದನ್ನು ಕಟ್ಟಿಸಿದ ಪುಣ್ಯಾತ್ಮ ಚರಂಡಿಗೇ ನೆಂಟನಿರಬೇಕು."

ಅವಳ ಕಿವಿ ಬಿಸಿಯಾಯಿತು. ದಿನವೂ ಕೆಲಸದಿಂದ ಬಂದು ಅಡುಗೆಮನೆಯಲ್ಲಿ ಪಾತ್ರೆ ಕುಕ್ಕುತ್ತ ಅವಳಾಡುವ ಮಾತುಗಳೇ ಅವು, ಒಂದಕ್ಷರ ಆಚೀಚೆಯಿಲ್ಲದಂತೆ.

"ರೀ, ನೀವಾ?"

"ನನ್ನ ಅಕ್ಷರ ನನಗೇ ಓದೋಕೆ ಬರಲ್ಲ ಕಣೇ," ಎಂದ ಗಂಡ.

"ಪುಟ್ಟಿ?"

"ನಾನಾಗಿದ್ರೆ ನಮ್ಮ ಕಾಲೇಜು ಬಸ್ಸಿನ ಬಗ್ಗೆ ಬರೀತಿದ್ದೆ ಅಮ್ಮಾ."

"ಮತ್ಯಾರು ಈ ಕಿತಾಪತಿ ಮಾಡಿದ್ದು?"

"ಅರ್ಜಿ ತುಂಬಿದವರು ಯಾರು ಅಂತ ಕೊನೇಲಿದೆ," ಎಂದು ಗುಮಾಸ್ತ ಅರ್ಜಿಯ ಬುಡದಲ್ಲಿ ಉಳಿದಿದ್ದ ಪಟ್ಟಿಯನ್ನು ತೋರಿಸಿದ. "ನೀವು ಒಪ್ಪಿದ ಮೇಲೇ ಅದನ್ನ ಕೀಳೋದು. ಅವರ ದಾಕ್ಷಿಣ್ಯಕ್ಕೆ ಹೂಂ ಅನ್ನಬಾರದು, ಅವರ ಮೇಲಿನ ಸಿಟ್ಟಿಗೆ ಉಹೂಂ ಅನ್ನಬಾರದು, ನೋಡಿ."

"ಉಹೂಂ ಅಂದ್ರೆ?"

"ನಾಳೆ ಬೆಳಗ್ಗೆ ನಿಮ್ಮ ಜಾಗಕ್ಕೆ ಎರಡನೇಯವರಾದ ಎಂಜಿನಿಯರ್ ಸಾಹೇಬರು ಒಳಗೆ ಬರ್ತಾರೆ. ಬೆಳಗಿನ ಐದೂಕಾಲರ ಬಸ್ಸು ಖಾಲಿ ಓಡುತ್ತೆ, ನಿಲ್ಲಿಸಿ ಅಂತ ತಮ್ಮ ಅರ್ಜೀಲಿ ಬರೆದಿದಾರೆ."

ಐದೂಕಾಲರ ಬಸ್ಸು! ಹತ್ತೊಂಬತ್ತು ವರ್ಷದಿಂದ ಅವಳನ್ನು ಲಾಂಡ್ರಿಗೆ ಮುಟ್ಟಿಸುತ್ತಿರುವುದು ಅದೇ. ಅದು ನಿಂತರೆ ಅವಳೂ ಜೊತೆಯ ಹನ್ನೊಂದು ಹೆಂಗಸರೂ ಕತ್ತಲಲ್ಲಿ ಒಂದು ಗಂಟೆ ಕಾಲು ಸವೆಸಬೇಕು. ಆದರೆ ಸಭೆ ಸೇರುವುದು ಮಂಗಳವಾರ ಹನ್ನೊಂದಕ್ಕೆ. ಆ ಹೊತ್ತಿಗೆ ಅವಳು ಒದ್ದೆ ಚಾದರಗಳ ರಾಶಿಯಲ್ಲಿ ಮುಳುಗಿರುತ್ತಾಳೆ. ಮೇಲಾಗಿ ಕೋಟು ತೊಟ್ಟ ಆರು ಜನರೆದುರು ಬಾಯಿ ತೆರೆಯುವುದೆಂದರೆ!

"ನನ್ನ ಕೈಲಾಗಲ್ಲಪ್ಪ," ಎಂದಳು.

"ಹಾಗಂತ ಬರೆದು ಕೊಟ್ಟುಬಿಡೇ," ಎಂದರು ಅತ್ತೆ, ತಲೆ ಎತ್ತದೆಯೇ. "ನಾಲ್ಕು ಜನರ ಮುಂದೆ ನಿನಗೆ ನಾಲಿಗೆ ಹೊರಳುತ್ತಾ? ನಿನ್ನ ಪ್ರತಾಪ ಏನಿದ್ರೂ ಅಡುಗೆಮನೆ ಪಾತ್ರೆ ಮೇಲೆ."

ಅವಳು ಸೆರಗಿಗೆ ಕೈ ಒರೆಸಿಕೊಂಡಳು.

"ಪೆನ್ನು ಕೊಡಿ."

ರುಜುವಿಗೆ ಮೊದಲು ಅವಳು ಒಂದು ಸಾಲು ಬರೆದಳು: ಸಭೆ ಸಂಜೆ ಆರಕ್ಕೆ ಆಗತಕ್ಕದ್ದು.

"ಆರಕ್ಕಾ? ಅದು ಅಧ್ಯಕ್ಷರು ವಾಕಿಂಗ್ ಹೋಗೋ ಹೊತ್ತಮ್ಮಾ!"

"ಸಭೆಗೇ ನಡ್ಕೊಂಡು ಬರಲಿ. ಕಾಲುದಾರಿ ಎಲ್ಲೆಲ್ಲಿ ಕಿತ್ತುಹೋಗಿದೆ ಅಂತ ಅವರಿಗೂ ಗೊತ್ತಾಗುತ್ತೆ."

ಮಗಳು ಕಿಸಕ್ಕನೆ ನಕ್ಕಳು. ಗುಮಾಸ್ತನೂ ನಗು ನುಂಗಿಕೊಂಡು, ಈ ಷರತ್ತನ್ನು ತಾನೇ ಖುದ್ದು ಅಧ್ಯಕ್ಷರ ಮುಂದಿಡುವುದಾಗಿ ಹೇಳಿದ. ಅವಳು ರುಜು ಹಾಕಿದಳು.

"ಈಗ ಕೀಳಿ!"

ಗುಮಾಸ್ತ ಬೆರಳನ್ನು ನೀರಿಗದ್ದಿ ಪಟ್ಟಿಯ ಅಂಚನ್ನು ಮೆಲ್ಲನೆ ನೆನೆಸಿದ. ಗಂಡನೂ ಮಗಳೂ ಅವನ ಭುಜದ ಮೇಲಿಂದ ಬಗ್ಗಿದರು. ಪಟ್ಟಿ ಒಂದು ಮೂಲೆಯಲ್ಲಿ ಎದ್ದಿತು, ನಡುವೆ ಸಿಕ್ಕಿಕೊಂಡಿತು.

"ಯಾವ ಮನೆಹಾಳರೋ ಬೇಗ ಹೇಳಿ ಮುಗಿಸಪ್ಪಾ," ಎಂದು ಅತ್ತೆ ಗೊಣಗಿದರು. "ಊಟ ಆರ್ತಾ ಇದೆ."

ಪಟ್ಟಿ ಬಿಟ್ಟುಬಂತು. ಗುಮಾಸ್ತ ಓದಿದ, ಮುದುಕಿಯ ಕಡೆ ನೋಡಿದ, ಗಂಟಲು ಸರಿಪಡಿಸಿಕೊಂಡು ಮತ್ತೆ ಗಟ್ಟಿಯಾಗಿ ಓದಿದ:

"ಅರ್ಜಿ ತುಂಬಿದವರು — ಅಭ್ಯರ್ಥಿಯ ಅತ್ತೆ."