ಮುಟ್ಟದ ಕಾಫಿ

ಜರ್ಕಾನಿಯ ಕಾರು ಗಣಿರಸ್ತೆಯಲ್ಲಿ ನಿಂತಿತು. ಮುಂದೆ ನೀಲಿ ಟಾರ್ಪಾಲು, ಅದರಡಿ ದಾರಿಗಡ್ಡ ಕೂತ ಹಳ್ಳಿಯ ಹೆಂಗಸರು. ಹಿಂದೆ ಕಲ್ಲಿದ್ದಲು ತುಂಬಿದ ನಲವತ್ತು ಲಾರಿಗಳು ಗುರುಗುಡುತ್ತಿದ್ದವು. ಮಧ್ಯಾಹ್ನದೊಳಗೆ ಅವು ಮಹಾಕಾಮ್ ನದಿಯ ಹಡಗಿನ ಧಕ್ಕೆ ಸೇರಿದರೆ ಕಂಪನಿಯ ಅತಿ ದೊಡ್ಡ ಕುರ್ಚಿ ಅವನದು. ಅದನ್ನು ಕಣ್ಣಾರೆ ನೋಡಲೆಂದೇ ಜಕಾರ್ತದಿಂದ ಬಂದಿದ್ದ ಮಾಲೀಕರ ಅಳಿಯ ಹೆಂದ್ರೋನೊ ಕಾರಿನೊಳಗೇ ಕೂತಿದ್ದ.

ಇಪ್ಪತ್ತೆಂಟು ವರ್ಷದ ಕೆಳಗೆ ಜರ್ಕಾನಿ ಇಲ್ಲೇ ಲಾರಿ ತೂಗುವ ಗುಮಾಸ್ತ. ತೋರಿಸಿದ ಕಡೆಯಲ್ಲೆಲ್ಲ ಸಹಿ ಹಾಕುತ್ತ ಮೇಲೇರಿದ. ಕಲ್ಲಿದ್ದಲು ಅಗೆದು ಹಾಗೇ ಬಿಟ್ಟ ಏಳನೇ ಹೊಂಡವನ್ನು 'ಕೆರೆ, ನೀರು ಕುಡಿಯಲು ಯೋಗ್ಯ' ಎಂದು ವರದಿ ಬರೆದವನೂ ಅವನೇ. ಆ ಕೆರೆಯಲ್ಲಿ ಹೋದ ತಿಂಗಳು ಹಳ್ಳಿಯ ಕಾಫಿ ಅಂಗಡಿಯ ಮಸ್ರಾಳ ಮೊಮ್ಮಗಳು ಮುಳುಗಿ ಸತ್ತಿದ್ದಳು.

ಜರ್ಕಾನಿ ಕಾರಿಳಿದು ಹತ್ತಿರ ಹೋದ. ಟಾರ್ಪಾಲಿನಡಿ ಮಸ್ರಾ ಒಲೆಯ ಮುಂದಿಂದ ತಲೆಯೆತ್ತಿದಳು. "ಬಂದ್ಯೇನೋ? ಹೊಟ್ಟೆ ಮುಂಚೆ ಬಂತು, ನೀನು ಹಿಂದಿಂದ ಬಂದೆ!"

ಹೆಂಗಸರು ಗೊಳ್ಳೆಂದರು.

"ದಾರಿ ಬಿಡಿ ಚಿಕ್ಕಮ್ಮ. ಮಾತು ಆಮೇಲೆ ಆಡೋಣ."

"ಹೊಂಡ ಮುಚ್ಚಿಸ್ತೀನಿ ಅಂತ ಎಲ್ಲರೆದುರು ಹೇಳು, ಈಗಲೇ ಏಳ್ತೀವಿ. ಮೊದಲು ಕಾಫಿ ತಗೋ. ಗುಮಾಸ್ತ ಆಗಿದ್ದಾಗ ನನ್ನಂಗಡೀಲಿ ಮೂರು ಲೋಟ ಏರಿಸ್ತಿದ್ದೆ."

"ನೀರೆಲ್ಲೀದು?"

"ನಿನ್ನ ಕೆರೇದೇ. ನಮ್ಮ ಬಾವಿ ಬತ್ತಿಸಿದ್ಮೇಲೆ ಇನ್ನೆಲ್ಲಿಂದ ತರ್ಲಿ?"

ಕುಡಿಯಬೇಕಾಗಿರಲಿಲ್ಲ. ಕೊಟ್ಟದ್ದು ಬೇಡವಾದರೆ ಬೆರಳು ತಾಗಿಸಿ ತುಟಿಗೊತ್ತಿಕೊಂಡರೆ ಸಾಕು. ಅಷ್ಟೂ ಮಾಡದವನಿಗೆ, ಅವನ ಜೊತೆಗಾರರಿಗೆ, ಮುಂದಿನ ದಾರಿಯಲ್ಲಿ ಆಪತ್ತು ಕಾದಿರುತ್ತದೆ. ಈ ನದಿಯ ದಂಡೆಯಲ್ಲಿ ಹುಟ್ಟಿದವರಿಗೆಲ್ಲ ಗೊತ್ತು. ಜರ್ಕಾನಿಯ ಬೆರಳು ತಾನಾಗಿ ಮುಂದೆ ಹೋಯಿತು.

ಹೆಂದ್ರೋನೊ ಕಾರಿನ ಗಾಜು ಇಳಿಸಿದ. "ಏನು ಜರ್ಕಾನಿಯವರೇ, ಊರ ಭೂತ ಇನ್ನೂ ಇಳಿದಿಲ್ವಾ?"

ಬೆರಳು ಜೇಬಿಗೆ ಹೋಯಿತು. "ಬೇಡ" ಎಂದು, ಕಂಪನಿಯ ಕಾವಲುಗಾರರಿಗೆ ಸನ್ನೆ ಮಾಡಿದ. ಟಾರ್ಪಾಲು ಕಿತ್ತುಬಂತು, ಒಲೆ ಉರುಳಿತು, ಹೆಂಗಸರನ್ನು ರಟ್ಟೆ ಹಿಡಿದು ಚರಂಡಿಗೆ ಎಳೆದರು. ದಾರಿ ಬಯಲಾಯಿತು.

"ಹೊರಡು," ಎಂದ, ಕಾರು ಹತ್ತಿ.

ಚಾಲಕ ಅಸ್ರಾನ್ ಕೀಲಿ ತೆಗೆದು ಅವನ ಕೈಗಿಟ್ಟ. "ನೀವು ಮುಟ್ಟಲಿಲ್ಲ ಸಾರ್. ನನಗೆ ಮೂರು ಮಕ್ಕಳಿದ್ದಾರೆ."

ಹಿಂದೆ, ಎಲ್ಲ ನೋಡುತ್ತಿದ್ದ ಮೊದಲ ಲಾರಿಯ ಚಾಲಕನೂ ಎಂಜಿನ್ ನಿಲ್ಲಿಸಿದ. ಎರಡನೆಯದು. ಹತ್ತನೆಯದು. ನಲವತ್ತೂ ನಿಂತಾಗ ಚರಂಡಿಯಲ್ಲಿ ಯಾರೋ ಕೆಮ್ಮಿದ್ದೂ ಕೇಳಿಸಿತು. ಹೆಂದ್ರೋನೊ ಜಕಾರ್ತಕ್ಕೆ ಫೋನು ಹಚ್ಚಿದ: "ಇವರ ಕೈಲಾಗಲ್ಲ ಮಾವ, ಬೇರೆಯವರನ್ನ ನೋಡಿ."

ಜರ್ಕಾನಿ ಇಳಿದು ಓಡಿದ. ಬಿದ್ದ ಲೋಟದ ತಳದಲ್ಲಿ ಗುಟುಕಿನಷ್ಟು ಉಳಿದಿತ್ತು. ಮೊಣಕಾಲೂರಿ ಬೆರಳದ್ದಿ ತುಟಿಗೊತ್ತಿಕೊಂಡು ಲಾರಿಗಳತ್ತ ನೋಡಿದ. ಒಂದೂ ಗುರುಗುಡಲಿಲ್ಲ.

ಮಸ್ರಾ ಕೆಸರು ಒರೆಸಿಕೊಳ್ಳುತ್ತ ಎದ್ದು ಬಂದು ಮತ್ತೆ ರಸ್ತೆಯ ನಡುವೆ ಕೂತಳು.

"ಈಗ ಮುಟ್ಟಿದ್ದು ನಿನ್ನ ಜೀವಕ್ಕಾಯ್ತು," ಎಂದಳು. "ಈಗ ಹೊಂಡದ ಮಾತಾಡು."