ಜ್ವರದ ನಿಮಿತ್ತ

ನನ್ನ ಅಕ್ಷರ ಚೆನ್ನಾಗಿರುವುದೇ ನನಗೆ ಮುಳುವಾಯಿತು. ಆಸ್ಪತ್ರೆಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯೊಂದರಲ್ಲಿ ಹರಿದದ್ದನ್ನು ಹೊಲಿದು, ಅಂಚಿಗೆ ಅಳಿಸದ ಮಸಿಯಲ್ಲಿ ವಾರ್ಡಿನ ಗುರುತು ಬರೆಯುವುದು ನನ್ನ ಕೆಲಸ. ನನ್ನ ಗಂಡ ಅಲ್ಲೇ ಇಸ್ತ್ರಿ ರೋಲರಿನ ಮುಂದೆ. ಒದ್ದೆ ಬೆಡ್‌ಶೀಟನ್ನು ಇವರು ಈಚೆಯಿಂದ ತೂರಿಸಬೇಕು, ಆಚೆಯಿಂದ ಸುಡುಸುಡು ಬಂದದ್ದನ್ನು ಹಿಡಿದು ಮಡಿಸುವವನು ಕಡ್ಡಿ. ಕಡ್ಡಿ ಎಂದರೆ ಇವರ ಜೀವದ ಗೆಳೆಯ. ಆಳು ಹೆಸರಿಗೆ ತಕ್ಕ ಹಾಗೆ ಸಣಕಲು, ಆದರೆ ನಮ್ಮ ಮನೆಯಲ್ಲಿ ಊಟಕ್ಕೆ ಕೂತರೆ ಪಾತ್ರೆ ಖಾಲಿಯಾಗದೆ ಏಳುತ್ತಿರಲಿಲ್ಲ. ಹನ್ನೊಂದು ವರ್ಷ ಇಬ್ಬರೂ ಅದೇ ಯಂತ್ರದ ಆಚೆ ಈಚೆ ನಿಂತವರು.

ಸೂಪರ್‌ವೈಸರನ್ನು ನಾವೆಲ್ಲ ಬಾಯಿ ತುಂಬ ಅಣ್ಣ ಎನ್ನುತ್ತಿದ್ದೆವು. ಕೆಲಸಕ್ಕೆ ಸೇರಿದ ದಿನವೇ ಆತ ಒಬ್ಬೊಬ್ಬರಿಂದಲೂ ಹತ್ತು ರಜೆ ಅರ್ಜಿಗಳಿಗೆ ಸಹಿ ಹಾಕಿಸಿಕೊಳ್ಳುತ್ತಿದ್ದ. ತಾರೀಖಿನ ಜಾಗ ಖಾಲಿ. ಹತ್ತು ಮುಗಿದರೆ ಮತ್ತೆ ಹತ್ತು. ವಾರದ ರಜೆಯನ್ನೂ ನುಂಗಿ ದಿನಕ್ಕೆ ಹದಿನಾಲ್ಕು ಗಂಟೆ ದುಡಿಸಿದ್ದು ತಪಾಸಣೆಯವರ ಕಣ್ಣಿಗೆ ಬೀಳಬಾರದಲ್ಲ. ಅದಕ್ಕೇ ಯಂತ್ರದ ಮುಂದೆ ಬೆವರು ಸುರಿಸುತ್ತ ನಿಂತವನು ಕಾಗದದ ಮೇಲೆ ರಜೆ.

ಆ ಅರ್ಜಿಗಳನ್ನೆಲ್ಲ ಬರೆದವಳು ನಾನು. ನಿನ್ನ ಅಕ್ಷರ ಮುತ್ತು ಪೋಣಿಸಿದ ಹಾಗಿದೆ ತಂಗಿ, ಎಂದು ಆತ ಹೇಳಿದ ಒಂದು ಮಾತಿಗೆ ಉಬ್ಬಿಹೋಗಿದ್ದೆ. ಕಾರಣಗಳೂ ನನ್ನವೇ. ಹಲ್ಲುನೋವು, ಭೇದಿ, ನಾದಿನಿಯ ಹೆರಿಗೆ. ಕಡ್ಡಿಯ ಅತ್ತೆಯನ್ನು ಮೂರು ಸಲ ಸಾಯಿಸಿದ್ದೇನೆ. ಊಟದ ಹೊತ್ತಿನಲ್ಲಿ ಅವನ್ನು ಓದಿ ಎಲ್ಲರೂ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದೆವು. ಗಂಡನಿಗೆ ಮಾತ್ರ ಯಾವಾಗಲೂ ‘ಜ್ವರದ ನಿಮಿತ್ತ’. ಕೈಹಿಡಿದವರಿಗೆ ಅದಕ್ಕಿಂತ ಕೆಟ್ಟದ್ದನ್ನು ಬರೆಯಲು ಮನಸ್ಸು ಬರುತ್ತಿರಲಿಲ್ಲ.

ಹೊಸದಾಗಿ ಎರಡು ಆಸ್ಪತ್ರೆಗಳ ಬಟ್ಟೆ ಬರತೊಡಗಿದ ಮೇಲೆ ಇವರು ಹತ್ತೊಂಬತ್ತು ದಿನ ಬಿಡುವಿಲ್ಲದೆ ದುಡಿದರು. ಹೆಂಗಸರನ್ನು ಆರಕ್ಕೆ ಬಿಡುತ್ತಿದ್ದರು. ಇವರು ಬರುವಾಗ ಮಗಳು ಮಲಗಿರುತ್ತಿದ್ದಳು, ಹೋಗುವಾಗಲೂ ಮಲಗಿರುತ್ತಿದ್ದಳು. ಅಂಕಪಟ್ಟಿಗೆ ಸಹಿ ಬೇಕಾದರೆ ಅದನ್ನು ಅಪ್ಪನ ಊಟದ ತಟ್ಟೆಯ ಮೇಲೆ ಇಟ್ಟು ಮಲಗುವಳು. ಇವರಿಗೆ ಒಂದು ದಿನ ಬಿಡುವು ಕೊಡಿ ಎಂದು ಅಣ್ಣನನ್ನು ಅಂಗಲಾಚಿದೆ. ಈ ವಾರ ಒಂದು ದಾಟಲಿ ತಂಗಿ, ಎಂದು ಮೂಗಿಗೆ ತುಪ್ಪ ಸವರಿ ಕಳಿಸಿದ.

ಇಪ್ಪತ್ತನೆಯ ದಿನ ಮಧ್ಯಾಹ್ನ ಮೂರು ಗಂಟೆಗೆ ಇವರು ರೋಲರಿನ ಮುಂದೆಯೇ ಕುಸಿದರು. ಕಡ್ಡಿ ಯಂತ್ರ ನಿಲ್ಲಿಸಿ ಓಡಿ ಬಂದು, ಇವರನ್ನು ಬೆನ್ನ ಮೇಲೆ ಹೊತ್ತು ಗಾಡಿಗೆ ಸೇರಿಸಿದ. ಲಕ್ವ ಹೊಡೆದಿತ್ತು. ಬಲಭಾಗ ಹೋಯಿತು, ನಾಲಿಗೆ ಹೋಯಿತು.

ಕೆಲಸದಲ್ಲಿದ್ದಾಗ ಬಿದ್ದಿದ್ದರೆ ಚಿಕಿತ್ಸೆಯ ಹೊಣೆ ಕಂಪನಿಯದು. ಆದರೆ ಇವರು ಅಂದು ಕೆಲಸಕ್ಕೇ ಬಂದಿರಲಿಲ್ಲ ಎಂದು ಕಂಪನಿ ಕೈ ತೊಳೆದುಕೊಂಡಿತು. ನನಗೆ ನಗು ಬಂತು. ಮೂವತ್ತು ಜನ ಕಣ್ಣಾರೆ ಕಂಡದ್ದನ್ನು ಯಾರು ಮುಚ್ಚಿಡುತ್ತಾರೆ? ಕಾರ್ಮಿಕ ಇಲಾಖೆಗೆ ದೂರು ಕೊಟ್ಟೆ.

ವಿಚಾರಣೆಗೆ ಬಂದ ಅಧಿಕಾರಿಣಿಯ ಮುಂದೆ ಅಣ್ಣ ರಜೆ ಅರ್ಜಿಗಳನ್ನು ಸಾಲಾಗಿ ಹರಡಿದ. ಎಲ್ಲದರಲ್ಲೂ ಇವರ ಸಹಿ, ಎಲ್ಲದರಲ್ಲೂ ನನ್ನ ಅಕ್ಷರ. ಕೊನೆಯದರ ಮೇಲೆ ಇವರು ಬಿದ್ದ ದಿನದ ತಾರೀಖು.

“ಇದು ನಿಮ್ಮ ಅಕ್ಷರವೇನಮ್ಮಾ?”

“ನಂದೇ ಮೇಡಂ. ಆದ್ರೆ ಎಲ್ಲ ಸುಳ್ಳು. ತಾರೀಖು ಆಮೇಲೆ ಹಾಕಿದ್ದು ಈ ಅಣ್ಣ.”

ಅಣ್ಣ ನೊಂದವನ ಹಾಗೆ ಮುಖ ಮಾಡಿದ. “ಸುಳ್ಳು ಬರಿ ಅಂತ ನಾನು ಯಾವತ್ತಾದ್ರೂ ಹೇಳಿದ್ನಾ ತಂಗಿ?”

ನಿಜ, ಹೇಳಿರಲಿಲ್ಲ. ಆ ಕಳ್ಳ ಯಾವುದನ್ನೂ ಬಾಯಿಬಿಟ್ಟು ಹೇಳಿದವನಲ್ಲ. ಹೊಗಳಿದ, ನಾನು ಬರೆದೆ.

ಅಧಿಕಾರಿಣಿ ಒಬ್ಬೊಬ್ಬರನ್ನೇ ಕರೆಸಿದರು. ಒಬ್ಬಳು ಗಮನಿಸಲಿಲ್ಲ ಎಂದಳು, ಇನ್ನೊಬ್ಬನಿಗೆ ನೆನಪಿರಲಿಲ್ಲ. ಆದರೂ ನಾನು ಧೈರ್ಯಗೆಡಲಿಲ್ಲ, ಕಡ್ಡಿ ಬಾಕಿಯಿದ್ದ. ಈಚೆಯಿಂದ ತೂರಿಸುವವನಿಲ್ಲದೆ ಆಚೆ ಹಿಡಿಯುವವನಿಗೆ ಏನು ಕೆಲಸ? ತಾನಿದ್ದೆ ಎಂದರೆ ಇವರೂ ಇದ್ದರು ಎಂದೇ ಅರ್ಥ. ಅವನು ಬಂದು ನಿಂತ. ನನ್ನ ಕಡೆ ನೋಡಲಿಲ್ಲ.

“ಅವತ್ತು ಅವನು ಕೆಲ್ಸಕ್ಕೆ ಬಂದಿರ್ಲಿಲ್ಲ ಮೇಡಂ. ಜ್ವರ ಅಂತಿದ್ದ. ನನ್ನನ್ನ ಮಾತಾಡ್ಸೋಕೆ ಬಂದೋನು ಗೇಟ್ ಹತ್ರ ಬಿದ್ದ.”

ಉಂಡ ಮನೆಗೆ ಎರಡು ಬಗೆಯುವುದು ಎಂದರೇನೆಂದು ನನಗೆ ಆಗ ಗೊತ್ತಾಯಿತು. ನಾನು ಹೊರಗೆ ಬಂದಾಗ ಕಡ್ಡಿ ಬಾಗಿಲ ಮರೆಯಲ್ಲಿ ಕಾದಿದ್ದು, ಅತ್ತಿಗೆ, ನನಗೂ ಇಬ್ಬರು ಮಕ್ಕಳು ಎಂದು ಕಣ್ಣೊರೆಸಿಕೊಂಡ. ಕೆನ್ನೆಗೆ ಬಾರಿಸುವಷ್ಟು ಸಿಟ್ಟು ಬಂದಿತ್ತು. ಇವರನ್ನು ಹೊತ್ತ ಬೆನ್ನು ಅದೇ ಅಲ್ಲವೇ ಎಂದು ಸುಮ್ಮನೆ ಬಂದುಬಿಟ್ಟೆ.

ಮನೆಯಲ್ಲಿ ಇವರು ಗೋಡೆಗೆ ಒರಗಿ ಕೂತಿದ್ದರು. ಮಗಳು ಚಮಚದಲ್ಲಿ ನೀರು ಕುಡಿಸುತ್ತಿದ್ದಳು. ನನ್ನನ್ನು ಕಂಡ ಕೂಡಲೇ ಇವರ ಎಡಗೈ ಮೇಲೆದ್ದಿತು, ಗೆಳೆಯ ಏನೆಂದ ಎಂದು ಕಣ್ಣಲ್ಲೇ ಕೇಳಿದರು. ಬೆಳಗಿನಿಂದ ಅದಕ್ಕೇ ಕಾದಿದ್ದರು. ಸುಳ್ಳು ನನಗೆ ಹೊಸದಲ್ಲ, ಆದರೆ ಆ ಹೊತ್ತಿಗೆ ಒಂದೂ ಬಾಯಿಗೆ ಬರಲಿಲ್ಲ.

“ನೀವು ಅಲ್ಲಿ ಇರ್ಲೇ ಇಲ್ವಂತೆ ರೀ.”

ಇವರ ಕೈ ನಿಧಾನವಾಗಿ ಹಾಸಿಗೆಯ ಮೇಲೆ ಇಳಿಯಿತು. ಮಗಳು ಒಮ್ಮೆ ಅಪ್ಪನ ಮುಖ, ಒಮ್ಮೆ ನನ್ನ ಮುಖ ನೋಡಿದಳು.

“ಮನೇಲೂ ಇರ್ಲಿಲ್ವಲ್ಲಮ್ಮ. ಹಾಗಾದ್ರೆ ಅಪ್ಪ ಇಷ್ಟು ದಿನ ಎಲ್ಲಿದ್ರು?”